ಸತ್ತ ಸೈನಿಕ ಪೆನ್ಶನ್ ತಗೊಂಡ! ಹಳೇ ಪದಕ ಕೊಳ್ಳುವವರು ದಯವಿಟ್ಟು ಓದಿ

ಬರೆಯಲೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ನಾಚಿಕೆ, ಇನ್ನೇನಲ್ಲ. ಹದಿನೈದು ವರ್ಷದಿಂದ ನಾಣ್ಯ, ಪದಕ ಎಂದು ಅಲೆದವನು ನಾನು. ಹೊಸಬರಿಗೆ ಬುದ್ಧಿ ಹೇಳಿದವನೂ ನಾನೇ. ಈಗ ಒಂದು ಹಳೇ ಯುದ್ಧದ ಪದಕ ಕೊಂಡು 950 ಪೌಂಡ್ ಕಳಕೊಂಡು ಕೂತಿದ್ದೇನೆ. ನಮ್ಮ ದುಡ್ಡಲ್ಲಿ ಲಕ್ಷದ ಮೇಲಾಯಿತು. ಜೊತೆಗೆ ಆ ಸೈನಿಕನ ಇತಿಹಾಸ ಹುಡುಕಿದ ರಿಪೋರ್ಟಿಗೆ 85 ಪೌಂಡ್ ಬೇರೆ. ಆ ರಿಪೋರ್ಟಿನ ವಿಷಯ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಫೋರ್ಬರಿ ಗಾರ್ಡನ್ಸ್‌ನಲ್ಲಿ ಎರಕದ ಕಬ್ಬಿಣದ ದೊಡ್ಡ ಸಿಂಹ ಇದೆ. 1886ರದ್ದು. ಎರಡನೇ ಆಫ್ಘನ್ ಯುದ್ಧದಲ್ಲಿ ಸತ್ತ 66ನೇ ಬರ್ಕ್‌ಷೈರ್ ರೆಜಿಮೆಂಟಿನವರ ನೆನಪಿಗೆ ನಿಲ್ಲಿಸಿದ್ದು. 1880ರ ಜುಲೈ 27ರಂದು ಕಂದಹಾರ್ ಹತ್ತಿರದ ಮೈವಾಂದ್‌ನಲ್ಲಿ ಆಫ್ಘನ್ನರ ಅಯೂಬ್ ಖಾನನ ಪಡೆ ಬ್ರಿಟಿಷರನ್ನು ಹಣ್ಣುಗಾಯಿ ಮಾಡಿತ್ತಲ್ಲ, ಅಲ್ಲಿ ಸತ್ತವರೇ ಜಾಸ್ತಿ. ಪೀಠದ ಮೇಲೆ ಹೆಸರುಗಳಿವೆ. ಬಿಸಿಲಿದ್ದ ದಿನ ಊಟದ ಡಬ್ಬಿ ತಗೊಂಡು ಅಲ್ಲೇ ಕೂರುತ್ತೇನೆ. ಆ ಹೆಸರುಗಳಲ್ಲಿ ಒಬ್ಬನ ಪದಕ ಮಾರಾಟಕ್ಕಿದೆ ಎಂದು ಕಂಡಾಗ ತಲೆ ನಿಲ್ಲಲಿಲ್ಲ.

‘ಅಸಲಿ. ಮನೆತನದಿಂದ ಬಂದದ್ದು. ರೋಲ್‌ನಲ್ಲಿ ಖಚಿತ.’ ಮಾರುವವನು ಇಷ್ಟೇ ಬರೆದಿದ್ದ. ರೋಲ್ ಅಂದರೆ ಪದಕ ಪಡೆದವರ ಸೇನಾ ಪಟ್ಟಿ. ಬೆಲೆ ಕಡಿಮೆ ಅನ್ನಿಸಿತು. ಕಡಿಮೆ ಅನ್ನಿಸಿದಾಗಲೇ ಅನುಮಾನ ಬರಬೇಕಿತ್ತು, ಖುಷಿ ಬಂತು. ಬ್ಯಾಂಕಿಗೆ ನೇರ ಹಾಕಿದರೆ 50 ಪೌಂಡ್ ಬಿಡುತ್ತೇನೆ ಎಂದ. ಹಾಕಿದೆ. ಸೈನಿಕನ ಸೇವಾ ಇತಿಹಾಸ ಬೇಕಿದ್ದರೆ ನಮ್ಮವರೇ ಒಬ್ಬರಿದ್ದಾರೆ, ಮೂರು ವಾರ ಹಿಡಿಯುತ್ತದೆ ಎಂದ. ಅದಕ್ಕೂ ಹೂಂ ಅಂದೆ. ಪದಕ ವಾಪಸ್ ಮಾಡಲು ಅವನು ಕೊಟ್ಟಿದ್ದು 14 ದಿನ. ರಿಪೋರ್ಟಿಗೆ ಮೂರು ವಾರ. ಈ ಲೆಕ್ಕ ಆಗ ಹೊಳೆಯಲಿಲ್ಲ ನೋಡಿ!

ಪದಕ ಬಂತು. ಚೆಂದವೇ ಇತ್ತು. ಒಂದು ಕಡೆ ವಿಕ್ಟೋರಿಯಾ ರಾಣಿ. ಇನ್ನೊಂದು ಕಡೆ ನಡೆದು ಹೋಗುತ್ತಿರುವ ಸೈನ್ಯ, ನಡುವೆ ಫಿರಂಗಿ ಹೊತ್ತ ಆನೆ. ನಮ್ಮ ದಸರಾ ಆನೆ ನೋಡಿದ ಹಾಗೇ ಮಗ ಖುಷಿಪಟ್ಟ. ಹಸಿರು ರಿಬ್ಬನ್ನು, ಎರಡೂ ಅಂಚಿಗೆ ಕಡುಗೆಂಪು. ಕಾಬೂಲ್, ಕಂದಹಾರ್ ಎಂದೆಲ್ಲ ಕ್ಲಾಸ್ಪ್, ಅಂದರೆ ರಿಬ್ಬನ್ನಿನ ಮೇಲೆ ಯುದ್ಧದ ಹೆಸರಿರುವ ಪಟ್ಟಿ, ಕೊಟ್ಟರು, ಮೈವಾಂದ್‌ಗೆ ಕೊಡಲಿಲ್ಲ. ಸೋತ ಯುದ್ಧ ಅಲ್ವಾ. ಹಾಗಾಗಿ ಮೈವಾಂದ್ ಪದಕ ಎಂದು ಹೇಳುವುದು ಅಂಚಿನ ಮೇಲೆ ಕೊರೆದ ಹೆಸರು ಮಾತ್ರ. ಟೋಪಿ ಹಾಕುವವರಿಗೆ ಇದಕ್ಕಿಂತ ಸುಲಭ ಇನ್ನೇನು ಬೇಕು?

ಮೂರು ವಾರಕ್ಕೆ ರಿಪೋರ್ಟ್ ಬಂತು. 12 ಪುಟ, ಅದರಲ್ಲಿ 9 ಪುಟ ರೆಜಿಮೆಂಟಿನ ಪುರಾಣ. ನಾನು ಕಾಫಿ ಕುಡಿಯುತ್ತಾ ಹೆಮ್ಮೆಯಿಂದ ಹೆಂಡತಿಯ ಕೈಗೆ ಕೊಟ್ಟೆ. ಅವಳು ಕೊನೇ ಪುಟ ನೋಡಿ ಕೇಳಿದಳು: ‘ರೀ, ಇವನು 1880ರಲ್ಲೇ ಸತ್ತ ಅಂದ್ರಲ್ಲ. 1889ರಲ್ಲಿ ಪೆನ್ಶನ್ ತಗೊಂಡಿದ್ದಾನಲ್ರೀ?’

ಕಾಫಿ ಗಂಟಲಲ್ಲೇ ನಿಂತಿತು. ಪೆನ್ಶನ್! 21 ವರ್ಷ ಸೇವೆ ಮುಗಿಸಿ ಪೆನ್ಶನ್! ಅದೇ ಹೆಸರಿನ ಬೇರೆ ಯಾರದೋ ಕಾಗದ ತಂದು ಅಂಟಿಸಿದ್ದಾರೆ. ರೆಜಿಮೆಂಟ್ ಬೇರೆ, ಸೈನಿಕನ ನಂಬರ್ ಬೇರೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ಸರ್ಕಾರಿ ದಾಖಲೆ ಭಂಡಾರ ನ್ಯಾಷನಲ್ ಆರ್ಕೈವ್ಸಿನಲ್ಲಿ ಡಬ್ಲ್ಯೂಓ 97 ಎಂಬ ಕಡತಗಳಿವೆ. ಅವು ಸೇವೆಯಿಂದ ಬಿಡುಗಡೆಯಾಗಿ ಬಂದವರ ಕಾಗದ. 1883ಕ್ಕಿಂತ ಮುಂಚಿನದರಲ್ಲಿ ಹೆಚ್ಚುಕಡಿಮೆ ಪೆನ್ಶನ್ ಆದವರೇ ಇರುವುದು. ರಣರಂಗದಲ್ಲಿ ಸತ್ತವನದು ಅಲ್ಲಿ ಸಿಗುವುದೇ ಅಪರೂಪ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋದೆ, ಅದೇ ಸಂಕಟ.

ಆಮೇಲೆ ವರ್ನಿಯರ್ ಕ್ಯಾಲಿಪರ್ ತೆಗೆದೆ. ಮೊದಲ ದಿನವೇ ತೆಗೆಯಬೇಕಿತ್ತು. ಪದಕದ ಅಡ್ಡಳತೆ ಇರಬೇಕಾದ್ದು 36 ಮಿ.ಮೀ. ಇದ್ದದ್ದು 35.3. ಭೂತಗನ್ನಡಿ ಹಿಡಿದರೆ ಅಂಚಿನುದ್ದಕ್ಕೂ ಅರದಿಂದ ಉಜ್ಜಿದ ಸಣ್ಣ ಗೆರೆಗಳು. ಹೆಸರಿನ ಕೊನೆಯ ಅಕ್ಷರದ ಪಕ್ಕದಲ್ಲಿ ಇನ್ನೊಂದು ಅಕ್ಷರದ ಬುಡ, ಪೂರ್ತಿ ಅಳಿದಿಲ್ಲ. ಯಾರೋ ಬೇರೆ ಸೈನಿಕನ ಹೆಸರು ಕೆರೆದು ಇವನ ಹೆಸರು ಕೊರೆದಿದ್ದಾರೆ.

ಮಾರಿದವನಿಗೆ ಫೋಟೋ ಸಮೇತ ಬರೆದೆ. ಉತ್ತರ: ‘140 ವರ್ಷ ಪಾಲಿಶ್ ಮಾಡಿದರೆ ಬೆಳ್ಳಿ ಸವೆಯುವುದಿಲ್ಲವೇ, ಸರ್?’ ರಾಣಿಯ ಮೂಗು ಸವೆದಿಲ್ಲ, ಆನೆಯ ಸೊಂಡಿಲು ಸವೆದಿಲ್ಲ, ಅಂಚು ಮಾತ್ರ ಸವೆಯಿತಾ ಎಂದು ಕೇಳಿದೆ. ನಾಲ್ಕು ದಿನ ಸುದ್ದಿಯಿಲ್ಲ. ಆಮೇಲೆ ಮಾತೇ ಬದಲಾಯಿತು: ‘ಹಾಗಾದರೆ ಅದು ಬದಲಿ ಪದಕ ಇರಬಹುದು. ಕಳೆದುಹೋದರೆ ಸರ್ಕಾರ ಬೇರೆ ಕೊಡುತ್ತಿತ್ತು, ನಿಮಗೆ ಗೊತ್ತಿರಬೇಕು.’ ಗೊತ್ತು ಮಹಾರಾಯ! ಬದಲಿ ಪದಕ ಕೊಡುತ್ತಿದ್ದರು, ನಿಜ. ಬೆಲೆ ಕಡಿಮೆಯಾದರೂ ಅದು ಮರ್ಯಾದೆಯ ವಸ್ತು. ಎಷ್ಟೋ ಬದಲಿ ಪದಕಗಳ ಅಂಚಿನ ಮೇಲೇ ಬದಲಿ ಎಂದು ಗುರುತಿರುತ್ತದೆ. ಬೇರೆಯವನ ಹೆಸರು ಅರ ಹಾಕಿ ಉಜ್ಜಿದ್ದನ್ನು ಬದಲಿ ಅನ್ನುತ್ತಾರಾ? ಬದಲಿ ಎಂದಾದರೆ ‘ಅಸಲಿ, ಮನೆತನದಿಂದ ಬಂದದ್ದು’ ಎಂದು ಬರೆದದ್ದು ಯಾಕೆ?

ಕೊನೆಯ ಉತ್ತರ: ‘ರೋಲ್‌ನಲ್ಲಿ ಹೆಸರಿದೆ ಎಂದೆ. ಹೆಸರಿದೆ. ವಾಪಸಾತಿ ಅವಧಿ ಮುಗಿದಿದೆ. ಶುಭದಿನ.’ ರಿಪೋರ್ಟ್ ಬರೆದವನದು ಇನ್ನೂ ಚೆನ್ನ: ‘ನೀವು ಕೇಳಿದ್ದು ಹೆಸರಿನ ಹುಡುಕಾಟ. ಹೆಸರು ತಾಳೆಯಾಗಿದೆ.’

ಒಂದು ದಿನ ರಜೆ ಹಾಕಿ ಕ್ಯೂಗೆ ಹೋಗಿ ಡಬ್ಲ್ಯೂಓ 100, ಅಂದರೆ ಪದಕ ಪಡೆದವರ ರೋಲ್, ನಾನೇ ನೋಡಿದೆ. ಹೆಸರಿತ್ತು. ನಂಬರೂ ಸರಿ ಇತ್ತು. ಇನ್ನೂ ಹೊಟ್ಟೆ ಉರಿಯಿತು. ಕೊರೆದವನು ಅಂಥ ಪಟ್ಟಿ ನೋಡಿಕೊಂಡೇ ಕೊರೆದಿದ್ದಾನೆ, ಸರಿ ಇಲ್ಲದೆ ಇನ್ನೇನು! ಆ ಸೈನಿಕ ಇದ್ದ ಎಂದು ರೋಲ್ ಹೇಳುತ್ತದೆ. ನಿಮ್ಮ ಕೈಲಿರುವ ಬೆಳ್ಳಿ ಅವನದು ಎಂದು ಹೇಳುವುದಿಲ್ಲ. ‘ರೋಲ್‌ನಲ್ಲಿ ಖಚಿತ’ ಎಂದು ಓದಿ ಕುಣಿಯಬೇಡಿ.

ಅಂಚಿನ ಸುತ್ತಲಿನ ಫೋಟೋ ಕೇಳಿ, ಅಳತೆ ಕೇಳಿ. ಹೆಸರು ಸಾಲದು, ರೆಜಿಮೆಂಟ್, ಸೈನಿಕನ ನಂಬರ್ ಎರಡನ್ನೂ ತಾಳೆ ನೋಡಿ. ಮಾರುವವನು ತೋರಿಸಿದ ಸಂಶೋಧಕನಿಗೆ ದೂರದಿಂದಲೇ ಕೈಮುಗಿಯಿರಿ. 50 ಪೌಂಡ್ ಉಳಿಸಲು ಹೋಗಿ ಬ್ಯಾಂಕಿಗೆ ನೇರ ಹಾಕಬೇಡಿ. ನಾನು ಹಾಕಿದೆ.

ಆ ರೆಜಿಮೆಂಟಿನ ಬಾಬಿ ಎಂಬ ನಾಯಿ ಮೈವಾಂದ್‌ನಿಂದ ಬದುಕಿ ಬಂದಿತ್ತು. ರಾಣಿಯೇ ಅದಕ್ಕೆ ಪದಕ ಹಾಕಿದಳು. ನಾಯಿಗೆ ಸಿಕ್ಕಿದ ಅಸಲಿ ನನಗೆ ಸಿಗಲಿಲ್ಲ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ನಗು ಬರುವುದಿಲ್ಲ.

ಕಳೆದ ವಾರ ಅವನೇ ಇನ್ನೊಂದು ಹಾಕಿದ್ದಾನೆ. 66ನೇ ರೆಜಿಮೆಂಟ್, ಮೈವಾಂದ್, ಅಸಲಿ, ರೋಲ್‌ನಲ್ಲಿ ಖಚಿತ. ಆರು ಫೋಟೋ ಇವೆ. ಅಂಚಿನದು ಒಂದೂ ಇಲ್ಲ.