ಡಾನ್‌ಟ್ರೇಲ್‌ನ ಸತ್ತವರ ಊರು: ಬಹುಕಾಲದ ಆಟಗಾರ್ತಿಯೊಬ್ಬಳ ವಿಮರ್ಶೆ

ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟದ ಐದನೆಯ ಹೊಸ ಕಥಾಭಾಗ, ಅಂದರೆ ಎಕ್ಸ್‌ಪಾನ್ಷನ್ ಆದ ಡಾನ್‌ಟ್ರೇಲ್ 2024ರ ಜುಲೈ 2ರಂದು ಬಿಡುಗಡೆಯಾಯಿತು. ಅದರ ಕಥೆಯ ಬಗ್ಗೆ ಆಟಗಾರರು ಅಂದಿನಿಂದ ಇಂದಿನವರೆಗೂ ಒಮ್ಮತಕ್ಕೆ ಬಂದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದರ ಮೊದಲರ್ಧ ನಿರಾಸೆ ತಂದಿತು, ಕೊನೆಯ ಭಾಗವಾದರೋ, ಸತ್ತವರ ನೆನಪಿನೊಂದಿಗೆ ಬದುಕಿರುವವರು ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಈ ಆಟದಲ್ಲಿ ಹಿಂದೆಂದೂ ಕಾಣದಷ್ಟು ಧೈರ್ಯದಿಂದ ಎತ್ತಿತು, ಆದರೆ ಉತ್ತರವನ್ನು ಮಾತ್ರ ಅವಸರದಲ್ಲಿ ಕೊಟ್ಟಿತು. 2025ರ ಆಗಸ್ಟ್‌ವರೆಗೆ ಬಂದ, ಕಥೆಯನ್ನು ಮುಂದುವರಿಸುವ ಪ್ಯಾಚ್‌ಗಳನ್ನೂ ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಥೆಯ ತಿರುವುಗಳೆಲ್ಲ ಇಲ್ಲಿ ಬಯಲಾಗುವುದರಿಂದ, ಇನ್ನೂ ಆಡದವರು ಆಡಿ ಮುಗಿಸಿ ಬಂದು ಓದುವುದು ಒಳ್ಳೆಯದು.

ನಾನು ಆಡುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ. ಈ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ; ಜಪಾನ್, ಉತ್ತರ ಅಮೆರಿಕ, ಯುರೋಪ್ ಮತ್ತು ಓಷಿಯಾನಿಯಾ ಪ್ರದೇಶಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆದ್ದರಿಂದ ಪಿಂಗ್ (ಸರ್ವರಿಗೆ ಸಂದೇಶ ಹೋಗಿ ಬರುವ ಸಮಯ) ಹೆಚ್ಚೇ ಇರುತ್ತದೆ. ಕಥೆಗಾಗಿ ಆಡುವವರಿಗೆ ಇದು ದೊಡ್ಡ ತೊಡಕಲ್ಲ, ಏಕೆಂದರೆ ಮುಖ್ಯ ಕಥೆಯ, ತಂಡ ಕಟ್ಟಿ ಹೋರಾಡುವ ಡಂಜನ್‌ಗಳನ್ನು ಬೇರೆ ಆಟಗಾರರಿಲ್ಲದೆ, ಕಂಪ್ಯೂಟರೇ ನಡೆಸುವ ಕಥಾಪಾತ್ರಗಳನ್ನು ಜೊತೆಗಿಟ್ಟುಕೊಂಡು ಆಡಬಹುದು. ಜುಲೈ ತಿಂಗಳ ಮಳೆಗೆ ಕರೆಂಟ್ ಹೋಗಿ ಒಂದು ದೃಶ್ಯ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ಈಗಾಗಲೇ ನೋಡಿ ಮುಗಿಸಿದ ದೃಶ್ಯಗಳನ್ನು ಆಟದೊಳಗಿನ ಸತ್ರದ ಕೋಣೆಯಲ್ಲಿರುವ ಪುಸ್ತಕವನ್ನು ತೆರೆದು ಎಷ್ಟು ಸಲ ಬೇಕಾದರೂ ನೋಡಬಹುದು. ಈ ವಿಮರ್ಶೆಗಾಗಿ ನಾನು ಹಲವು ದೃಶ್ಯಗಳನ್ನು ಹಾಗೆಯೇ ಮತ್ತೆ ನೋಡಿದೆ. ಆಟವು ಜಪಾನಿ, ಇಂಗ್ಲಿಷ್, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿದೆ. ನಾನು ಜಪಾನಿ ಧ್ವನಿಯಲ್ಲಿ ಕೇಳುತ್ತಾ ಇಂಗ್ಲಿಷಿನಲ್ಲಿ ಓದುತ್ತೇನೆ.

ಡಾನ್‌ಟ್ರೇಲ್ ಹೊತ್ತ ಭಾರ ಅರ್ಥವಾಗಬೇಕಾದರೆ ಅದರ ಹಿಂದಿನ ಎರಡು ಎಕ್ಸ್‌ಪಾನ್ಷನ್‌ಗಳನ್ನು ನೆನೆಯಬೇಕು. 2019ರ ಶ್ಯಾಡೋಬ್ರಿಂಗರ್ಸ್ ಮತ್ತು 2021ರ ಎಂಡ್‌ವಾಕರ್ ಎರಡಕ್ಕೂ ಮುಖ್ಯ ಕಥೆಗಾರ್ತಿ ನತ್ಸುಕೊ ಇಶಿಕಾವಾ. ಶ್ಯಾಡೋಬ್ರಿಂಗರ್ಸ್‌ನ ಎದುರಾಳಿ ಎಮೆಟ್-ಸೆಲ್ಕ್, ಸಹಸ್ರಾರು ವರ್ಷಗಳ ಹಿಂದೆ ಅಳಿದುಹೋದ ತನ್ನ ಊರಾದ ಆಮೊರಾಟ್ ಅನ್ನು ಕಡಲ ತಳದಲ್ಲಿ ಮಾಯೆಯಿಂದ ಮತ್ತೆ ಕಟ್ಟಿ, ಅದರ ಬೀದಿಗಳಲ್ಲಿ ತನ್ನವರ ನೆರಳುಗಳನ್ನು ನಡೆದಾಡಿಸಿದ್ದ. ನಾವು ಅವನನ್ನು ಸೋಲಿಸುತ್ತೇವೆ. ಆದರೆ ಅದಕ್ಕೆ ಮೊದಲು ಅವನು ದಾರಿಯುದ್ದಕ್ಕೂ ನಮ್ಮ ಜೊತೆಗೇ ನಡೆದು, ತನ್ನ ದುಃಖ ಯಾಕೆ ನಮ್ಮ ಬದುಕಿಗಿಂತ ದೊಡ್ಡದು ಎಂದು ವಾದಿಸುತ್ತಾನೆ. ಸಾಯುವಾಗ ಅವನು ಕೇಳಿಕೊಂಡದ್ದು ಒಂದೇ: ತಾವೂ ಒಂದು ಕಾಲದಲ್ಲಿ ಬದುಕಿದ್ದೆವೆಂಬುದನ್ನು ನೀವು ಮರೆಯಬಾರದು ಎಂದು. ಆ ಮಾತು ಆಟಗಾರರ ಮೇಲೆ ಒಂದು ಋಣವಾಗಿ ಉಳಿಯಿತು, ಮತ್ತು ಎಂಡ್‌ವಾಕರ್ ಆ ಋಣವನ್ನು ತೀರಿಸುತ್ತಲೇ ಹತ್ತು ವರ್ಷಗಳಷ್ಟು ಹಳೆಯ ಕಥೆಯನ್ನು ಮುಗಿಸಿತು. ಅಂಥ ಮುಕ್ತಾಯದ ನಂತರ ಹೊಸದನ್ನು ಆರಂಭಿಸುವುದು ಯಾರಿಗಾದರೂ ಕಷ್ಟವೇ.

ಹೊಸ ಕಥೆ ನಮ್ಮನ್ನು ತುರಾಲ್ ಎಂಬ ಖಂಡಕ್ಕೆ ಕರೆದೊಯ್ಯುತ್ತದೆ. ಎರಡು ತಲೆಗಳ ಅರಸ ಗುಲೂಲ್ ಜಾ ಜಾ ತನ್ನ ಉತ್ತರಾಧಿಕಾರಿಯನ್ನು ಆರಿಸಲು ಸ್ಪರ್ಧೆಯೊಂದನ್ನು ಏರ್ಪಡಿಸುತ್ತಾನೆ: ಹಿರಿಯ ಮಗ ಜೋರಾಲ್ ಜಾ, ಸಾಕುಮಗ ಕೋನಾ, ಸಾಕುಮಗಳು ವುಕ್ ಲಮಾತ್, ಹೊರಗಿನಿಂದ ಬಂದ ಬಕೂಲ್ ಜಾ ಜಾ ಎಂಬ ನಾಲ್ವರು ಸ್ಪರ್ಧಿಗಳು. ನಾವು ವುಕ್ ಲಮಾತ್‌ಳ ಸಹಾಯಕರು. ಅವಳು ಒಂದೊಂದು ಜನಾಂಗದ ಊರಿಗೆ ಹೋಗಿ ಅವರ ಹಬ್ಬ, ವ್ಯಾಪಾರ, ಅಡುಗೆ, ಕಸುಬುಗಳನ್ನು ಕಲಿತು ಅವರ ಮನಸ್ಸನ್ನು ಗೆಲ್ಲುತ್ತಾ ಹೋಗುತ್ತಾಳೆ. ಈ ಉದ್ದೇಶ ನನಗೆ ಬಹಳ ಹಿಡಿಸಿತು. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮನೆಗಳು ಒಂದೇ ಪೇಟೆಯಲ್ಲಿರುವ ಜಿಲ್ಲೆಯವಳಾದ ನನಗೆ, ಅಧಿಕಾರಕ್ಕೆ ಬರುವವರು ಮೊದಲು ಎಲ್ಲರ ಮನೆಯ ಜಗಲಿಯಲ್ಲಿ ಕೂತು ಅವರ ಮಾತನ್ನು ಕೇಳಬೇಕೆನ್ನುವ ಕಥೆಯ ಬಗ್ಗೆ ಆಸೆಯಿದ್ದದ್ದು ಸಹಜ. ಆದರೆ ಕಥೆ ಆ ಜನಾಂಗಗಳನ್ನು ಪಾಠದ ಪುಸ್ತಕದ ಅಧ್ಯಾಯಗಳಂತೆ ಒಂದರ ನಂತರ ಒಂದನ್ನು ಮುಗಿಸುತ್ತದೆ. ಪ್ರತಿ ಊರಿನಲ್ಲೂ ಒಂದು ಸಮಸ್ಯೆ ಇರುತ್ತದೆ, ವುಕ್ ಲಮಾತ್‌ಳ ಒಳ್ಳೆಯ ಮನಸ್ಸಿನಿಂದ ಅದು ಬಗೆಹರಿಯುತ್ತದೆ, ಊರಿನವರು ಮೆಚ್ಚುತ್ತಾರೆ. ಅವಳ ನಿರ್ಧಾರದಿಂದ ಯಾರಿಗಾದರೂ ನಷ್ಟವಾಯಿತೇ, ಒಬ್ಬರಿಗೆ ನ್ಯಾಯವಾದದ್ದು ಪಕ್ಕದವರಿಗೆ ಅನ್ಯಾಯವಾಯಿತೇ ಎಂಬ ಪ್ರಶ್ನೆ ಬಹುಪಾಲು ಏಳುವುದೇ ಇಲ್ಲ.

ಇನ್ನೊಂದು ಕೊರತೆಯೂ ಇದೆ. ನಮ್ಮ ಹಳೆಯ ಒಡನಾಡಿಗಳಾದ ಥಾಂಕ್ರೆಡ್ ಮತ್ತು ಉರಿಯಾಂಜೆ ಈ ಸಲ ಕೋನಾನ ಪಕ್ಷ ವಹಿಸುತ್ತಾರೆ. ಗೆಳೆಯರೇ ಎದುರು ನಿಲ್ಲುವ ಆ ಸಂದರ್ಭದಿಂದ ನಿಜವಾದ ಒಂದು ಘರ್ಷಣೆ ಹುಟ್ಟಬಹುದಿತ್ತು, ಹುಟ್ಟಲಿಲ್ಲ. ಅವರೂ ನಾವೂ ಒಬ್ಬರನ್ನೊಬ್ಬರು ಆದರದಿಂದ ನೋಡಿಕೊಂಡು ಸುಮ್ಮನೆ ಮುಂದೆ ಸಾಗುತ್ತೇವೆ.

ಮೊದಲರ್ಧದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಬಕೂಲ್ ಜಾ ಜಾನ ಕಥೆ ಮಾತ್ರ. ಬಹುಕಾಲ ಅವನು ಬರೀ ಮೋಸಗಾರನಂತೆ, ಕೂಗಾಡುವ ದುಷ್ಟನಂತೆ ಕಾಣುತ್ತಾನೆ. ಆಮೇಲೆ ಅವನ ಊರಾದ ಮಾಮೂಕ್‌ಗೆ ಹೋದಾಗ, ಎರಡು ತಲೆಯ ಒಂದು ಮಗು ಹುಟ್ಟಬೇಕೆಂಬ ಆಸೆಯಿಂದ ಆ ಊರಿನವರು ನಡೆಸಿಕೊಂಡು ಬಂದ ಸಂಪ್ರದಾಯದ ಬೆಲೆ ಏನೆಂದು ತಿಳಿಯುತ್ತದೆ: ಅಂಥ ಒಬ್ಬನ ಹಿಂದೆ ಒಡೆಯದೆ ಉಳಿದ ಎಷ್ಟೋ ಮೊಟ್ಟೆಗಳಿವೆ, ಕಣ್ಣು ತೆರೆಯದೆ ಹೋದ ಎಷ್ಟೋ ಒಡಹುಟ್ಟಿದವರಿದ್ದಾರೆ. ಸೋತರೆ ಅವರ ಸಾವು ವ್ಯರ್ಥವಾಗುತ್ತದೆಂಬ ಭಯದಿಂದ ಅವನು ಹಾಗೆ ನಡೆದುಕೊಂಡಿದ್ದ. ಸತ್ತವರು ಬದುಕಿರುವವನ ಹೆಗಲ ಮೇಲೆ ಕೂತಿರುವ ಚಿತ್ರ ಇಲ್ಲಿ ಮೊದಲ ಬಾರಿ ಬರುತ್ತದೆ. ಕಥೆ ಅದನ್ನು ಇನ್ನಷ್ಟು ಮೊದಲೇ ತಂದು, ಇನ್ನಷ್ಟು ಹೊತ್ತು ಅದರೊಂದಿಗೆ ಇದ್ದಿದ್ದರೆ ಸ್ಪರ್ಧೆಯ ಭಾಗ ಇಷ್ಟು ಸಪ್ಪೆಯಾಗುತ್ತಿರಲಿಲ್ಲ.

ವುಕ್ ಲಮಾತ್ ಗೆದ್ದು ಕೋನಾನೊಂದಿಗೆ ಸಿಂಹಾಸನ ಹಂಚಿಕೊಂಡ ಮೇಲೆ ಕಥೆ ದಿಕ್ಕು ಬದಲಿಸುತ್ತದೆ. ಜೋರಾಲ್ ಜಾ ಬೇರೊಂದು ಲೋಕದ ಯಂತ್ರಗಳೊಂದಿಗೆ ಬಂದು ರಾಜಧಾನಿಯ ಮೇಲೆ ದಾಳಿ ಮಾಡಿ ತಂದೆಯನ್ನೇ ಕೊಲ್ಲುತ್ತಾನೆ. ದೇಶದ ಒಂದು ಭಾಗವನ್ನು ಬೃಹತ್ತಾದ ಗುಮ್ಮಟವೊಂದು ಮುಚ್ಚಿಕೊಳ್ಳುತ್ತದೆ. ಹೊರಗೆ ಕೆಲವೇ ದಿನಗಳು ಕಳೆಯುವಷ್ಟರಲ್ಲಿ ಒಳಗೆ 30 ವರ್ಷಗಳು ಸಂದಿರುತ್ತವೆ. ಒಳಗಿರುವುದು ಅಲೆಕ್ಸಾಂಡ್ರಿಯಾ ಎಂಬ ರಾಜ್ಯ, ಅದರ ರಾಣಿ ಸ್ಫೀನ್. ಅಲ್ಲಿನವರು ತಲೆಗೆ ಒಂದು ಉಪಕರಣ ತೊಟ್ಟಿರುತ್ತಾರೆ. ಅದು ಬೇರೆಯವರ ಆತ್ಮಗಳನ್ನು ಕೂಡಿಟ್ಟುಕೊಂಡು, ತೊಟ್ಟವರು ಸತ್ತಾಗ ಮತ್ತೆ ಎಬ್ಬಿಸುತ್ತದೆ. ಕೂಡಿಟ್ಟ ಆತ್ಮಗಳೆಲ್ಲ ತೀರಿ ಒಬ್ಬರು ನಿಜವಾಗಿಯೂ ಸತ್ತಾಗ, ಅವರ ನೆನಪನ್ನು ಉಳಿದವರ ಮನಸ್ಸಿನಿಂದ ಅಳಿಸಿಹಾಕುತ್ತದೆ. ಯಾರೂ ಅಳಬೇಕಾಗಿಲ್ಲ, ಯಾಕೆಂದರೆ ಅಳುವುದಕ್ಕೆ ಯಾರೂ ನೆನಪಿರುವುದಿಲ್ಲ. ಅಳಿಸಿದ ಆ ನೆನಪುಗಳು ಲಿವಿಂಗ್ ಮೆಮೊರಿ ಎಂಬ ಸ್ಥಳಕ್ಕೆ ಹೋಗಿ, ಅಲ್ಲಿ ಸತ್ತವರು ತಮ್ಮ ಮೆಚ್ಚಿನ ವಯಸ್ಸಿನಲ್ಲಿ ನಗುನಗುತ್ತಾ ಇರುತ್ತಾರೆ. ಅದನ್ನು ಉಳಿಸಿಕೊಳ್ಳಲು ಜೀವಶಕ್ತಿ ಬೇಕು. ಅದಕ್ಕಾಗಿ ಸ್ಫೀನ್ ಬೇರೆ ಲೋಕಗಳ ಜನರನ್ನು ಬಲಿಕೊಡಲು ಸಿದ್ಧಳಾಗಿದ್ದಾಳೆ.

ನಾನು ಈ ಭಾಗವನ್ನು ತಲುಪಿದ್ದು ಜುಲೈ-ಆಗಸ್ಟ್ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ. ನಮ್ಮ ಕಡೆಯ ಅನೇಕ ತುಳು ಮನೆಗಳಲ್ಲಿ ಆ ತಿಂಗಳು ಕುಲೆಗಳಿಗೆ, ಅಂದರೆ ತೀರಿಹೋದವರ ಆತ್ಮಗಳಿಗೆ, ಬಡಿಸುತ್ತಾರೆ. ಬಾಳೆಲೆಯಲ್ಲಿ ತೀರಿಹೋದವರ ಇಷ್ಟದ ಅಡುಗೆಯನ್ನಿಟ್ಟು, ಅವರನ್ನು ಬಂದು ಉಣ್ಣುವಂತೆ ಕರೆಯುತ್ತಾರೆ. ಮದುವೆಯಾಗದೆ ಸತ್ತ ಮಕ್ಕಳು ಆ ಲೋಕದಲ್ಲೂ ಬೆಳೆದು ಪ್ರಾಯಕ್ಕೆ ಬರುತ್ತಾರೆಂದು ನಂಬಿ, ಹಾಗೆಯೇ ಸತ್ತ ಇನ್ನೊಬ್ಬರ ಮಗುವನ್ನು ಹುಡುಕಿ ಕುಲೆಗಳ ಮದುವೆ ಮಾಡುವ ಪದ್ಧತಿಯೂ ಇದೆ. ಮಲಯಾಳದ ಮನೆಗಳವರು ಅದೇ ತಿಂಗಳನ್ನು ಕರ್ಕಟಕವೆಂದು ಕರೆಯುತ್ತಾರೆ. ಅದರ ಅಮಾವಾಸ್ಯೆಯಂದು ಬೇಕಲದ ಬಳಿಯ ತೃಕ್ಕಣ್ಣಾಡು ದೇವಸ್ಥಾನದೆದುರಿನ ಕಡಲ ದಂಡೆಯಲ್ಲಿ ಪಿತೃಗಳಿಗೆ ಬಲಿಯಿಡಲು ಜನ ಸೇರುತ್ತಾರೆ. ಇಲ್ಲಿ ಸತ್ತವರಿಗೆ ಮನೆಯಲ್ಲಿ ಜಾಗವಿದೆ, ವರ್ಷಕ್ಕೊಂದು ಊಟವಿದೆ, ಹೆಸರು ಹಿಡಿದು ಕರೆಯುವವರಿದ್ದಾರೆ. ಉಂಡ ಮೇಲೆ ಅವರನ್ನು ಕಳುಹಿಸಿಕೊಡುವ ಕ್ರಮವೂ ಇದೆ. ಈ ಹಿನ್ನೆಲೆಯಿಂದ ನೋಡಿದಾಗ ಅಲೆಕ್ಸಾಂಡ್ರಿಯಾದ ತಪ್ಪು ಸತ್ತವರನ್ನು ಪ್ರೀತಿಸಿದ್ದಲ್ಲ. ಅವರನ್ನು ಮನೆಯಿಂದ ಹೊರಗಿಟ್ಟು, ಬದುಕಿರುವವರು ಎಂದೂ ಕಾಲಿಡದ ಊರೊಂದರಲ್ಲಿ ಕೂಡಿಟ್ಟದ್ದೇ ತಪ್ಪು. ದುಃಖಪಡುವ ಹಕ್ಕನ್ನು ಕಿತ್ತುಕೊಂಡು, ಅದಕ್ಕೆ ದಯೆಯೆಂಬ ಹೆಸರಿಟ್ಟ ರಾಜ್ಯ ಅದು.

ಲಿವಿಂಗ್ ಮೆಮೊರಿಯೊಳಗೆ ಕಾಲಿಟ್ಟಾಗ ಕಥೆ ಮಾಡಿದ ಕೆಲಸ ಅದ್ಭುತವಾದದ್ದು. ವುಕ್ ಲಮಾತ್‌ಳಿಗೆ ಅಲ್ಲಿ ತನ್ನನ್ನು ಎತ್ತಿ ಬೆಳೆಸಿದ ನಮಿಕ್ಕಾ ಸಿಗುತ್ತಾಳೆ. ತಾನು ಯಾರ ಮಗಳೆಂದೇ ತಿಳಿಯದೆ ಬೆಳೆದ ನಮ್ಮ ಜೊತೆಗಾರ್ತಿ ಕ್ರಿಲ್‌ಗೆ ಹೆತ್ತವರು ಸಿಗುತ್ತಾರೆ. ಇನ್ನೊಬ್ಬ ಜೊತೆಗಾರ ಎರೆನ್‌ವಿಲ್‌ಗೆ ತಾಯಿ ಕಾಚುವಾ ಸಿಗುತ್ತಾಳೆ. ಮತ್ತು ಆ ಊರಿನ ನಾಲ್ಕು ಭಾಗಗಳ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ತಮ್ಮನ್ನೆಲ್ಲ ಬಿಡುಗಡೆ ಮಾಡಬೇಕೆಂದು ಕೇಳುವವಳೂ ಅವಳೇ. ಪ್ರತಿ ಭಾಗದಲ್ಲೂ ನಾವು ಆ ಜನರೊಂದಿಗೆ ಸ್ವಲ್ಪ ಹೊತ್ತು ಕಳೆಯುತ್ತೇವೆ, ಬೀಳ್ಕೊಡುತ್ತೇವೆ, ನಂತರ ಯಂತ್ರವನ್ನು ನಿಲ್ಲಿಸುತ್ತೇವೆ. ಆ ಭಾಗದ ಬಣ್ಣ, ಬೆಳಕು, ಜನ ಎಲ್ಲವೂ ಅಳಿಸಿಹೋಗುತ್ತವೆ. ಹಾಗೆ ಅಳಿಸಿದ್ದು ಮತ್ತೆ ಬರುವುದಿಲ್ಲ. ಕಥೆ ಮುಗಿದ ಮೇಲೆ ಯಾವಾಗ ಹೋದರೂ ನಮ್ಮ ಪಾತ್ರಕ್ಕೆ ಆ ಪ್ರದೇಶ ಹಾಗೆಯೇ ಬರಿದಾಗಿ ಕಾಣುತ್ತದೆ. ಒಂದು ಆನ್‌ಲೈನ್ ಆಟ ತನ್ನ ಅತ್ಯಂತ ಸುಂದರವಾದ ಪ್ರದೇಶವನ್ನು ಆಟಗಾರರ ಕೈಯಿಂದಲೇ ಶಾಶ್ವತವಾಗಿ ಕೆಡಿಸಲು ಒಪ್ಪಿದ್ದು ಸಾಮಾನ್ಯ ಸಂಗತಿಯಲ್ಲ. ತಾಯಿಯೊಂದಿಗೆ ಬಿಗುಮಾನದಿಂದಲೇ ಮಾತಾಡುತ್ತಾ ಬಂದ ಎರೆನ್‌ವಿಲ್ ಕೊನೆಯ ಗಳಿಗೆಯಲ್ಲಿ ಕುಸಿಯುವ ದೃಶ್ಯವನ್ನು ನಾನು ಕಣ್ಣೀರಿಲ್ಲದೆ ನೋಡಲಾರೆ.

ಇಷ್ಟರ ಮೇಲೂ ನನಗೆ ತೃಪ್ತಿಯಾಗದಿರುವುದಕ್ಕೆ ಕಾರಣ ಸ್ಫೀನ್. ಎಮೆಟ್-ಸೆಲ್ಕ್‌ಗೆ ಸಿಕ್ಕಿದ ಅವಕಾಶ ಅವಳಿಗೆ ಸಿಗಲಿಲ್ಲ. ತನ್ನ ಜನರನ್ನು ಕಾಪಾಡುವ ವ್ರತ ತೊಟ್ಟ ಅವಳು, ತಾನೂ ನಿಜವಾದ ಸ್ಫೀನ್‌ಳ ನೆನಪಿನಿಂದ ಹುಟ್ಟಿದವಳೇ; ತನ್ನ ಕರ್ತವ್ಯಕ್ಕೆ ಅಡ್ಡಬರುತ್ತದೆಂದು ತನ್ನೊಳಗಿನ ಮರುಕವನ್ನೇ ಅಳಿಸಿಕೊಳ್ಳುತ್ತಾಳೆ. ಇದಕ್ಕಿಂತ ದಾರುಣವಾದ ನಿರ್ಧಾರ ಉಂಟೇ? ಆದರೆ ಅವಳ ಪರವಾಗಿ ಹೇಳಬೇಕಾದ ಮಾತುಗಳನ್ನು ಕಥೆ ಅವಳಿಂದ ಹೇಳಿಸಲಿಲ್ಲ. ಲಿವಿಂಗ್ ಮೆಮೊರಿಯಲ್ಲಿದ್ದವರು ಮಾತಾಡುತ್ತಾರೆ, ನಗುತ್ತಾರೆ, ಹೊಸದನ್ನು ಬಯಸುತ್ತಾರೆ. ಹಾಗಿದ್ದಮೇಲೆ ಅವರು ಬರೀ ನೆನಪೇ ಅಥವಾ ಜೀವವೇ? ಯಂತ್ರ ನಿಲ್ಲಿಸುವುದಕ್ಕೆ ಕಾಚುವಾ ಒಪ್ಪಿದಳು, ಸರಿ. ಉಳಿದವರನ್ನು ಯಾರು ಕೇಳಿದರು? ನಾನು ಕೊನೆಗೆ ಯಂತ್ರವನ್ನು ನಿಲ್ಲಿಸುವ ಪಕ್ಷದಲ್ಲೇ ಇದ್ದೇನೆ, ಏಕೆಂದರೆ ಸತ್ತವರ ಊಟಕ್ಕಾಗಿ ಬದುಕಿರುವವರನ್ನು ಕೊಲ್ಲುವುದನ್ನು ಯಾವ ಪ್ರೀತಿಯೂ ಸಮರ್ಥಿಸಲಾರದು. ಆದರೆ ತಾಳಮದ್ದಲೆ ಕೇಳಿ ಬೆಳೆದವರಿಗೆ ಗೊತ್ತಿರುವಂತೆ, ಎದುರು ಪಾತ್ರದ ವಾದ ಪೂರ್ತಿಯಾಗಿ ಬಂದರೆ ಮಾತ್ರ ನಮ್ಮ ಪಕ್ಷದ ಗೆಲುವಿಗೆ ಬೆಲೆ.

ಕೊನೆಯ ಯುದ್ಧದ ವಿಚಾರವನ್ನೂ ಹೇಳಬೇಕು. ನಾವು ಜೊತೆಗಾರರೊಂದಿಗೆ ರಾಣಿಯ ವಿರುದ್ಧ ಹೋರಾಡುತ್ತಿರುವಾಗ, ವುಕ್ ಲಮಾತ್ ಸ್ಫೀನ್‌ಳ ಹೆಸರನ್ನು ಕೂಗುತ್ತಾ ಅಡ್ಡಗೋಡೆ ಭೇದಿಸಿ ನುಗ್ಗುತ್ತಾಳೆ. ಇಬ್ಬರು ಅರಸಿಯರ ಮುಖಾಮುಖಿಯಾಗಿ ಅದಕ್ಕೆ ಅರ್ಥವಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಉದ್ದಕ್ಕೂ ಅವಳ ಹಿಂದೆಯೇ ನಿಂತು ತಲೆಯಾಡಿಸುತ್ತಾ ಬಂದ ಆಟಗಾರರಿಗೆ, ತಮ್ಮದೆಂದು ಉಳಿದಿದ್ದ ಒಂದೇ ಗಳಿಗೆಯಲ್ಲೂ ಪಕ್ಕಕ್ಕೆ ಸರಿಯಬೇಕಾಯಿತು. ವುಕ್ ಲಮಾತ್ ಕೆಟ್ಟ ಪಾತ್ರವಲ್ಲ; ಅವಳಿಗೆ ಮೌನವಾಗಿರಲು ಬಿಡಲಿಲ್ಲ, ಅಷ್ಟೇ. ಜೋರಾಲ್ ಜಾನ ವಿಷಯದಲ್ಲಿ ಆದದ್ದು ಇದರ ಉಲ್ಟಾ: ತಂದೆಯನ್ನು ಕೊಂದು ಮಗನನ್ನು ತೊರೆದವನ ಮನಸ್ಸಿನಲ್ಲಿ ಏನಿತ್ತೆಂದು ಅವನು ಬಾಯಿಬಿಟ್ಟು ಹೇಳುವುದು ಸಾಯುವ ಹೊತ್ತಿಗೆ, ಅದೂ ತೀರಾ ಚುಟುಕಾಗಿ.

ನಂತರದ ಪ್ಯಾಚ್‌ಗಳು ಅಲೆಕ್ಸಾಂಡ್ರಿಯಾವನ್ನು ಕೈಬಿಡಲಿಲ್ಲ. 2024ರ ನವೆಂಬರಿನ 7.1ರಿಂದ 2025ರ ಆಗಸ್ಟ್ 5ರ 7.3ರವರೆಗಿನ ಕಥೆ ಅಲ್ಲೇ ಸುತ್ತುತ್ತಾ, ಸ್ಫೀನ್‌ಳ ಮತ್ತೊಂದು ರೂಪವನ್ನು ಮರಳಿ ತಂದಿತು, ಜೋರಾಲ್ ಜಾನ ಮಗನಾದ ಪುಟ್ಟ ಗುಲೂಲ್ ಜಾಗೆ ಆ ರಾಜ್ಯದಲ್ಲಿ ಒಂದು ಸ್ಥಾನ ಕೊಟ್ಟಿತು, ಮತ್ತು ಸಾವನ್ನು ಒಪ್ಪಲಾರದ ಕೇಲಿಕ್ಸ್ ಎಂಬ ಹೊಸ ಎದುರಾಳಿಯನ್ನು ಮುಂದಿಟ್ಟಿತು. ಹೊಸ ಸ್ಫೀನ್ ತನ್ನ ಜನರ ನಡುವೆ ನಡೆದು ಅವರ ಮಾತು ಕೇಳುವ ದೃಶ್ಯಗಳಲ್ಲಿ, ಮೂಲ ಕಥೆ ಅವಳಿಗೆ ಕೊಡದೆ ಉಳಿಸಿಕೊಂಡಿದ್ದ ಬಿಡುವು ಕೊನೆಗೂ ಸಿಕ್ಕಿತು. ಕೇಲಿಕ್ಸ್ ಮಾತ್ರ ನನಗೆ ಪೊಳ್ಳಾಗಿ ಕಂಡ.

ಆಡಬೇಕೆಂದಿರುವವರಿಗೆ ಹೇಳುವುದಾದರೆ, ಡಾನ್‌ಟ್ರೇಲ್‌ನ ಮೂಲ ಬೆಲೆ 39.99 ಡಾಲರ್, ಅದರ ಮೇಲೆ ತಿಂಗಳಿಗೆ ಕನಿಷ್ಠ 12.99 ಡಾಲರ್ ಚಂದಾ. ಉಚಿತ ಆವೃತ್ತಿಯಲ್ಲಿ ಲೆವೆಲ್ 70ರವರೆಗೆ, ಅಂದರೆ 2017ರ ಸ್ಟಾರ್ಮ್‌ಬ್ಲಡ್‌ವರೆಗಿನ ಕಥೆಯನ್ನೆಲ್ಲ ಹಣ ಕೊಡದೆ ಆಡಬಹುದು, ಅಲ್ಲಿಂದಲೇ ಆರಂಭಿಸಿ. ಹಳೆಯ ಕಥೆಯನ್ನು ಹಣ ಕೊಟ್ಟು ದಾಟಿಬಿಡುವ ಸೌಲಭ್ಯವನ್ನು ಕಂಪನಿಯೇ ಮಾರುತ್ತದೆ. ದಯವಿಟ್ಟು ಅದನ್ನು ಕೊಳ್ಳಬೇಡಿ: ಆಮೊರಾಟ್‌ನ ಬೀದಿಗಳಲ್ಲಿ ನಡೆಯದವರಿಗೆ ಲಿವಿಂಗ್ ಮೆಮೊರಿಯ ಯಂತ್ರದ ಮುಂದೆ ನಿಂತಾಗ ಕೈ ಹಿಂಜರಿಯಲು ಕಾರಣವೇ ಇರುವುದಿಲ್ಲ.