ನೂರನೆಯ ಪೆಲೆಟ್ ಎಲ್ಲಿ ಹೋಗುತ್ತದೆ? ಏರ್ ರೈಫಲ್‌ಗಾಗಿ ಕಟ್ಟಿದ ಐದು ಪೆಟ್ಟಿಗೆಗಳು

ಮೊದಲು ಬದಲಾದದ್ದು ಸದ್ದು. ಏರ್ ರೈಫಲ್ ಗಾಳಿಯ ಒತ್ತಡದಿಂದ ಹಾರಿಸುವ ಪುಟ್ಟ ಸೀಸದ ಗುಂಡುಗಳನ್ನು, ಅಂದರೆ ಪೆಲೆಟ್‌ಗಳನ್ನು, ತಡೆದು ಹಿಡಿಯಲೆಂದು ಹಳೆಯ ವಾರಪತ್ರಿಕೆಗಳನ್ನು ಹಗ್ಗದಿಂದ ಬಿಗಿದು ಮರದ ಪೆಟ್ಟಿಗೆಯೊಳಗೆ ನಿಲ್ಲಿಸಿದ್ದೆ. ಹತ್ತು ಮೀಟರ್ ದೂರದಿಂದ ಹೊಡೆದ ಪ್ರತಿಯೊಂದು ಪೆಲೆಟ್ ಅದಕ್ಕೆ ಬಿದ್ದಾಗ ದಿಂಬಿಗೆ ಗುದ್ದಿದಂಥ ಮಂದವಾದ ಸದ್ದು ಬರುತ್ತಿತ್ತು. ಎಂಬತ್ತು, ತೊಂಬತ್ತು ಪೆಲೆಟ್‌ಗಳಾದ ಮೇಲೆ ಅದೇ ಸದ್ದು ‘ಟಕ್’ ಎಂದು ಗಟ್ಟಿಯಾಗಿ ಕೇಳಿಸಿತು. ರೈಫಲ್ ಖಾಲಿ ಇದೆಯೆಂದು ನೋಡಿಕೊಂಡು ಕೆಳಗಿಟ್ಟು, ಹೋಗಿ ಕಟ್ಟು ಬಿಚ್ಚಿದೆ. ಎಂಟು ಸೆಂಟಿಮೀಟರ್ ದಪ್ಪದ ಕಾಗದದ ನಡುವೆ ಹೆಬ್ಬೆರಳು ತೂರುವಷ್ಟು ಅಗಲದ ಸುರಂಗವಿತ್ತು. ಅದರ ಕೊನೆಯಲ್ಲಿ, ಹಿಂಬದಿಯ ಪ್ಲೈವುಡ್ ಮೇಲೆ ಆರೇಳು ಹೊಸ ಗುಳಿಗಳು, ಒಂದೊಂದರಲ್ಲೂ ಸೀಸದ ಹೊಳಪು.

ಅಂದಿನಿಂದ ಪೆಟ್ಟಿಗೆಗಳನ್ನು ನಾನು ಅಳೆಯುವ ರೀತಿಯೇ ಬದಲಾಯಿತು. ಮೊದಲ ಪೆಲೆಟ್ ಅನ್ನು ಯಾವ ಪೆಟ್ಟಿಗೆಯಾದರೂ ತಡೆಯುತ್ತದೆ. ಅದೇ ಜಾಗಕ್ಕೆ ಬೀಳುವ ನೂರನೆಯದನ್ನು ತಡೆಯುತ್ತದೆಯೇ ಎಂಬುದೇ ಪ್ರಶ್ನೆ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ., ಇಡೀ ಕಪ್ಪು ವೃತ್ತದ್ದು 30.5 ಮಿ.ಮೀ. ಅಭ್ಯಾಸ ಕುದುರಿದಂತೆ ಪೆಲೆಟ್‌ಗಳೆಲ್ಲ ಆ ಕಪ್ಪಿನ ನಡುವಿಗೇ ಬೀಳುತ್ತವೆ. ಕೈ ಪಳಗಿದಷ್ಟೂ ಪೆಟ್ಟಿಗೆ ಬೇಗ ತೂತಾಗುತ್ತದೆ.

ಹೋಲಿಕೆ ನ್ಯಾಯವಾಗಿರಲಿ ಎಂದು ಐದಕ್ಕೂ ಒಂದೇ ರೈಫಲ್, ಒಂದೇ ದೂರ, ಒಂದೇ ಬಗೆಯ ಪೆಲೆಟ್ ಬಳಸಿದೆ. ಅದು 4.5 ಮಿ.ಮೀ. ವ್ಯಾಸದ ಚಪ್ಪಟೆ ಮೂತಿಯ ಸೀಸದ ಪೆಲೆಟ್, ತೂಕ 0.53 ಗ್ರಾಂ. ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಏಳೂವರೆ ಜೂಲ್‌ನ ಆಸುಪಾಸು. ಇಲ್ಲಿ ಹೇಳುವ ಫಲಿತಾಂಶಗಳೆಲ್ಲ ಆ ಶಕ್ತಿಗೆ ಮಾತ್ರ ಸಲ್ಲುತ್ತವೆ. ಗಾಳಿಯಿಂದಲ್ಲ, ಮದ್ದಿನಿಂದ ಗುಂಡು ಹಾರಿಸುವ ಸಾಮಾನ್ಯ .22 ರೈಫಲ್‌ನ ಗುಂಡು 2.6 ಗ್ರಾಂ ತೂಗುತ್ತದೆ, ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೋದರೂ ಅದರ ಶಕ್ತಿ 140 ಜೂಲ್ ದಾಟುತ್ತದೆ. ನನ್ನ ಐದು ಪೆಟ್ಟಿಗೆಗಳಲ್ಲಿ ಒಂದನ್ನೂ ನಾನು ಅದರ ಮುಂದೆ ಇಡುವುದಿಲ್ಲ. ಅಂಥ ಬಂದೂಕಿನ ಜಾಗ ಪರವಾನಗಿ ಇರುವ ಶೂಟಿಂಗ್ ರೇಂಜ್.

ಕಾಗದದ ಗುಣವನ್ನೂ ಹೇಳಿಬಿಡುತ್ತೇನೆ. ಎಲ್ಲ ಮನೆಯಲ್ಲೂ ಸಿಗುತ್ತದೆ, ಪೆಲೆಟ್ ಮರಳಿ ಹಾರುವುದಿಲ್ಲ, ಸದ್ದು ಕಡಿಮೆ. ದಿನಕ್ಕೆ ಇಪ್ಪತ್ತು ಪೆಲೆಟ್ ಹೊಡೆದು, ಆಗಾಗ ಕಟ್ಟನ್ನು ಪಕ್ಕಕ್ಕೆ ಸರಿಸುತ್ತಾ, ವಾರಕ್ಕೊಮ್ಮೆ ಬದಲಾಯಿಸುವವರಿಗೆ ಸಾಕು. ಆದರೆ ಬಿಚ್ಚಿ ನೋಡದೆ ಒಳಗಿನ ಸುರಂಗ ಕಾಣುವುದಿಲ್ಲ. ಹೊರಗಿನಿಂದ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ. ಈ ಮೋಸ ನನಗೆ ಹಿಡಿಸಲಿಲ್ಲ.

ಮರಳಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ 30 ಸೆಂ.ಮೀ. ಉದ್ದಗಲ, 15 ಸೆಂ.ಮೀ. ಆಳದ ಪೆಟ್ಟಿಗೆಗೆ ಇಪ್ಪತ್ತು ಕಿಲೋಗೂ ಹೆಚ್ಚು ಮರಳು ಬೇಕಾಯಿತು, ಮುಂಭಾಗದ ರಟ್ಟು ತೂತಾದೊಡನೆ ಮರಳು ಸೋರತೊಡಗಿತು. ಸೋರಿದಷ್ಟು ಮೇಲ್ಭಾಗ ಬರಿದಾಗುತ್ತದೆ. ಜರಡಿ ಹಿಡಿಯದ ಮರಳಿನಲ್ಲಿ ಕಡಲೆಕಾಳಿನಷ್ಟು ಕಲ್ಲಿದ್ದರೂ ಪೆಲೆಟ್ ದಿಕ್ಕು ತಪ್ಪಬಹುದು. ಒಂದೇ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸುವುದಾದರೆ, ಅದೂ ಬಯಲಿನಲ್ಲಿ, ಒಪ್ಪಬಹುದು. ಕೋಣೆಯೊಳಗೆ ಬೇಡ.

ಉಕ್ಕಿನ ಫಲಕದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆಯಿತ್ತು. ಮೂರು ಮಿಲಿಮೀಟರ್ ದಪ್ಪದ ಫಲಕವನ್ನು ನಲವತ್ತೈದು ಡಿಗ್ರಿ ಓರೆಯಾಗಿ, ಮೇಲಂಚು ಹೊಡೆಯುವವರ ಕಡೆಗೆ ಬಾಗುವಂತೆ ಕೂರಿಸಿ, ಅದರಡಿಯಲ್ಲಿ ತಟ್ಟೆ ಇಟ್ಟೆ. ಬಡಿದ ಪೆಲೆಟ್ ಕೆಳಕ್ಕೆ ಜಾರಿ ತಟ್ಟೆಗೆ ಬೀಳಬೇಕೆಂಬುದು ಲೆಕ್ಕ. ಬಿದ್ದದ್ದೂ ಹೌದು. ಫಲಕಕ್ಕೆ ಏನೂ ಆಗಲಿಲ್ಲ, ಸಾವಿರ ಪೆಲೆಟ್‌ಗಳ ನಂತರವೂ ಬರಿಯ ಬೂದು ಕಲೆ. ನೂರನೆಯ ಪೆಲೆಟ್‌ನ ಪರೀಕ್ಷೆಯಲ್ಲಿ ಅದು ಸಲೀಸಾಗಿ ಗೆದ್ದಿತು.

ಆದರೂ ನಾನು ಅದನ್ನು ಬಿಚ್ಚಿ ಇಟ್ಟುಬಿಟ್ಟೆ. ಕಾರಣ ತಟ್ಟೆಯಲ್ಲಿತ್ತು. ಇಡಿಯಾದ ಪೆಲೆಟ್ ಒಂದೂ ಇರಲಿಲ್ಲ. ಅಲ್ಲಿದ್ದವು ಅಂಚು ಹರಿದ ಬಿಲ್ಲೆಗಳು, ಚೂರುಗಳು, ಮತ್ತು ಅವುಗಳಡಿಯಲ್ಲಿ ಬೆರಳಿಗೆ ಪೆನ್ಸಿಲ್ ಪುಡಿಯಂತೆ ಅಂಟುವ ಬೂದು ಧೂಳು. ಅದು ಸೀಸದ ಧೂಳು. ತಟ್ಟೆಯ ಒಳಗೆ ಅಷ್ಟಿದ್ದರೆ ಗಾಳಿಗೆ, ನೆಲಕ್ಕೆ ಹೋದದ್ದೆಷ್ಟು? ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಪೆಟ್ಟು ಹೆಚ್ಚು ಬೀಳುವುದು ಮಕ್ಕಳ ಬೆಳೆಯುವ ಮಿದುಳಿನ ಮೇಲೆ. ಮಕ್ಕಳು ಅಂಬೆಗಾಲಿಡುವ ನೆಲದ ಮನೆಯೊಳಗೆ ಇಂಥ ಪೆಟ್ಟಿಗೆಯನ್ನು ಯಾರೂ ಇಡಬಾರದು. ಇದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಜೊತೆಗೆ ಸದ್ದು ಬೇರೆ: ಪ್ರತಿ ಪೆಲೆಟ್‌ಗೂ ಸುತ್ತಿಗೆಯ ಏಟು. ಫಲಕವನ್ನು ಓರೆ ಮಾಡದೆ ನೆಟ್ಟಗೆ ನಿಲ್ಲಿಸಿದರಂತೂ ಚೂರುಗಳು ಹೊಡೆದವರ ಕಡೆಗೇ ಹಾರುತ್ತವೆ. ಆಟಿಕೆಯಂತೆ ಕಾಣುವ ರೈಫಲ್‌ಗಳಲ್ಲಿ ಬಳಸುವ ಉಕ್ಕಿನ ದುಂಡು ಬಿಬಿ ಗುಂಡುಗಳು ಸೀಸದಂತೆ ಚಪ್ಪಟೆಯಾಗುವುದಿಲ್ಲ, ಪುಟಿದು ನೇರ ಕಣ್ಣಿಗೇ ಬರಬಹುದು. ಅವನ್ನು ಓರೆ ಫಲಕಕ್ಕೂ ಹೊಡೆಯಬೇಡಿ. ಪೆಟ್ಟಿಗೆ ಯಾವುದೇ ಇರಲಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳದೆ ನಾನು ರೈಫಲ್ ಎತ್ತುವುದಿಲ್ಲ.

ಉಳಿದ ಎರಡರ ನಡುವೆ ತೀರ್ಮಾನಿಸಲು ನನಗೆ ತಿಂಗಳುಗಳೇ ಬೇಕಾದವು.

ಒಂದು, ಡಕ್ಟ್ ಸೀಲ್. ವಿದ್ಯುತ್ ತಂತಿಯ ಕೊಳವೆಗಳ ಬಾಯಿ ಮುಚ್ಚಲು ಎಲೆಕ್ಟ್ರಿಷಿಯನ್‌ಗಳು ಬಳಸುವ, ಒಣಗದ ಬೂದು ಬಣ್ಣದ ಮೆತ್ತು. ಚಪಾತಿ ಹಿಟ್ಟಿಗಿಂತ ಗಟ್ಟಿ, ಜೇಡಿಮಣ್ಣಿಗಿಂತ ಜಿಗುಟು. ಪ್ಲೈವುಡ್ ಹಿಂಬದಿಯ ಪೆಟ್ಟಿಗೆಯಲ್ಲಿ ಅದನ್ನು ಐದು ಸೆಂಟಿಮೀಟರ್ ದಪ್ಪಕ್ಕೆ ಒತ್ತಿ ತುಂಬಿದೆ. ಪೆಲೆಟ್ ಅದರೊಳಗೆ ಹೊಕ್ಕು ಹಾಗೆಯೇ ಕೂರುತ್ತದೆ. ಚೂರಿಲ್ಲ, ಧೂಳು ಇಲ್ಲವೆನ್ನುವಷ್ಟು ಕಡಿಮೆ. ಸದ್ದೂ ಅಷ್ಟೇ, ರೈಫಲ್‌ನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಒಂದು ಪೆಲೆಟ್ ಕೆದಕಿ ತೆಗೆದು ನೋಡಿದೆ. ಮೂತಿ ಸ್ವಲ್ಪ ನಜ್ಜಾಗಿತ್ತು, ಆದರೆ ಸೊಂಟದ ಕೆಳಗಿನ ಲಂಗದಂಥ ಭಾಗದ ಮೇಲೆ ನಳಿಗೆಯ ಗೀರುಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಉಕ್ಕು ಪುಡಿಮಾಡಿದ್ದನ್ನು ಈ ಮೆತ್ತು ಜೋಪಾನವಾಗಿ ಇಟ್ಟುಕೊಂಡಿತ್ತು.

ಇದರ ದೌರ್ಬಲ್ಯ ಗೊತ್ತಾಗಲು ಸಮಯ ಹಿಡಿಯಿತು. ಪೆಲೆಟ್‌ಗಳು ಒಂದೇ ಜಾಗದಲ್ಲಿ ತುಂಬಿಕೊಳ್ಳುತ್ತಾ ಹೋದಂತೆ ಅಲ್ಲಿ ಮೆತ್ತಿನ ಬದಲು ಸೀಸದ ಗಡ್ಡೆಯೇ ಬೆಳೆಯುತ್ತದೆ. ಆಮೇಲೆ ಬಂದ ಪೆಲೆಟ್ ಆ ಗಡ್ಡೆಗೆ ಬಡಿಯುತ್ತದೆ. ಮುನ್ನೂರು ದಾಟಿದ ಮೇಲೆ ಒಂದು ಪೆಲೆಟ್ ಹಿಂದಕ್ಕೆ ಪುಟಿದು ಪೆಟ್ಟಿಗೆಯ ಮುಂದೆ ಒಂದು ಗೇಣು ದೂರದಲ್ಲಿ ಬಿದ್ದಿತ್ತು. ಅಲ್ಲಿಗೆ ನಿಲ್ಲಿಸಿದೆ. ಚಳಿಯಲ್ಲಿ ಮೆತ್ತು ಗಟ್ಟಿಯಾಗುವುದನ್ನೂ ಗಮನಿಸಿದ್ದೇನೆ. ಆಗ ಪುಟಿಯುವ ಸಂಭವ ಇನ್ನೂ ಹೆಚ್ಚು.

ಇನ್ನೊಂದು, ರಬ್ಬರ್ ಚೂರು. ಹಳೆಯ ಟಯರ್‌ಗಳನ್ನು ಕತ್ತರಿಸಿ, ಒಳಗಿನ ಉಕ್ಕಿನ ತಂತಿ ಪೂರ್ತಿ ತೆಗೆದ, ಬೆರಳ ತುದಿಯಷ್ಟು ಗಾತ್ರದ ಚೂರುಗಳು. ತಂತಿ ಉಳಿದಿರುವ ಚೂರು ಅಗ್ಗವಾಗಿ ಸಿಕ್ಕರೂ ಬೇಡ, ಪೆಲೆಟ್ ಆ ತಂತಿಗೆ ತಗಲಿ ದಿಕ್ಕು ಬದಲಿಸುತ್ತದೆ. ಇಪ್ಪತ್ತು ಸೆಂಟಿಮೀಟರ್ ಆಳದ ಪೆಟ್ಟಿಗೆಗೆ ತುಂಬಿ, ಮುಂದೆ ತೆಳು ರಬ್ಬರ್ ಹಾಳೆ ಬಿಗಿದೆ. ಕಾಗದಕ್ಕಿಲ್ಲದ ಒಂದು ಗುಣ ಇದಕ್ಕಿದೆ: ಪೆಲೆಟ್ ಕೊರೆದ ದಾರಿಯನ್ನು ಸುತ್ತಲಿನ ಚೂರುಗಳು ಕುಸಿದು ತಾವೇ ಮುಚ್ಚುತ್ತವೆ. ಐನೂರು ಪೆಲೆಟ್‌ಗಳ ಒಂದು ಡಬ್ಬಿ ಖಾಲಿಯಾದ ಮೇಲೂ ಹಿಂಬದಿಯ ಹಲಗೆ ನುಣುಪಾಗಿಯೇ ಇತ್ತು. ಹೆಚ್ಚು ಶಕ್ತಿಯ ಸ್ಪ್ರಿಂಗ್ ಏರ್ ರೈಫಲ್ ಇರುವವರಿಗೆ ನಾನು ಹೇಳುವುದು ಇದನ್ನೇ, ಬೇಕಾದಂತೆ ಆಳ ಹೆಚ್ಚಿಸಬಹುದು.

ತೊಂದರೆ ಎರಡು. ಚೂರುಗಳು ಕ್ರಮೇಣ ಕೆಳಕ್ಕೆ ಇಳಿದು ಮೇಲೆ ನಾಲ್ಕು ಬೆರಳಿನಷ್ಟು ಟೊಳ್ಳು ಉಳಿಯುತ್ತದೆ. ಹೊರಗಿನ ಹಾಳೆ ಅದನ್ನು ಮರೆಮಾಡುತ್ತದೆ. ಹಾಗಾಗಿ ಪ್ರತಿ ಸಲ ಶುರು ಮಾಡುವ ಮುನ್ನ ಮುಚ್ಚಳ ತೆಗೆದು ಕೈಯಿಂದ ಒತ್ತಿ ನೋಡಬೇಕು. ಎರಡನೆಯದು ಸೀಸವನ್ನು ಬೇರ್ಪಡಿಸುವ ಕೆಲಸ. ಐನೂರು ಪೆಲೆಟ್ ಎಂದರೆ 265 ಗ್ರಾಂ ಸೀಸ. ಅಷ್ಟನ್ನೂ ರಬ್ಬರ್ ಚೂರುಗಳ ನಡುವಿನಿಂದ ಜರಡಿ ಹಿಡಿದು ತೆಗೆಯುವುದು ಕೈಗೆ, ಉಸಿರಿಗೆ ಒಳ್ಳೆಯ ಕೆಲಸವಲ್ಲ. ಕೈಗವಸು, ಮುಖಗವಸು ಬೇಕೇ ಬೇಕು.

ನಾನು ಕೊನೆಗೆ ಉಳಿಸಿಕೊಂಡದ್ದು ಡಕ್ಟ್ ಸೀಲ್ ಅನ್ನು. ಅದರ ದೌರ್ಬಲ್ಯಕ್ಕೆ ಮದ್ದು ಸಿಕ್ಕಿತು. ಒಂದೇ ಗುರಿಯ ಹಾಳೆಯ ಬದಲು ಐದು ಗುರಿಗಳನ್ನು ಮುದ್ರಿಸಿದ ಹಾಳೆ ಅಂಟಿಸಿದೆ. ಪೆಲೆಟ್‌ಗಳು ಐದು ಕಡೆ ಹಂಚಿಹೋಗುವುದರಿಂದ ಗಡ್ಡೆ ಕಟ್ಟುವುದು ಬಹಳ ತಡವಾಗುತ್ತದೆ. ಪೆಟ್ಟಿಗೆಯ ಹಿಂದೆ ಅದಕ್ಕಿಂತ ಎರಡು ಪಟ್ಟು ಅಗಲದ ದಪ್ಪ ಪ್ಲೈವುಡ್, ಅದರ ಮೇಲೆ ಹಳೆಯ ಜಮಖಾನ ನಿಲ್ಲಿಸಿದ್ದೇನೆ, ಪೆಟ್ಟಿಗೆಯೇ ತಪ್ಪಿದ ಪೆಲೆಟ್‌ಗಾಗಿ. ಗುರಿಯ ನಡುಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿದೆ, ಸ್ಪರ್ಧೆಯಲ್ಲಿ ಇರುವಷ್ಟೇ.

ಇನ್ನೂರು ಪೆಲೆಟ್‌ಗಳಿಗೊಮ್ಮೆ ಕೈಗವಸು ತೊಟ್ಟು, ಹಳೆಯ ಚಮಚದಿಂದ ಐದೂ ಕಡೆಯ ಸೀಸವನ್ನು ಕೆದಕಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕುತ್ತೇನೆ. ಆ ಚಮಚ ಮತ್ತೆ ಅಡುಗೆಮನೆಗೆ ಹೋಗುವುದಿಲ್ಲ. ಮೆತ್ತನ್ನು ನಾದಿ ಮತ್ತೆ ಸಮತಟ್ಟು ಮಾಡಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ಹಚ್ಚಿ ಕೈ ತೊಳೆಯುತ್ತೇನೆ. ಇಷ್ಟಕ್ಕೆ ಹಿಡಿಯುವುದು ಹದಿನೈದು ನಿಮಿಷ.