ಗೋಡೆಗೆ ಯಾರ ನಾಯಿ: ಲ್ಯಾಂಡ್ಸಿಯರ್ ಅವರದೋ, ಮಾಡ್ ಅರ್ಲ್ ಅವರದೋ?

ಹಳೆಯ ಇಂಗ್ಲಿಷ್ ನಾಯಿಚಿತ್ರದ ಪ್ರತಿಯೊಂದನ್ನು ಗೋಡೆಗೆ ಹಾಕುವ ಆಸೆಯಿದ್ದರೆ, ಬೇಕಿರುವುದು ಕಥೆಯೋ ನಾಯಿಯೋ ಎಂದು ಮೊದಲು ತೀರ್ಮಾನಿಸಿ. ವಿಕ್ಟೋರಿಯಾ ರಾಣಿಯ ಮೆಚ್ಚಿನ ಚಿತ್ರಕಾರ ಎಡ್ವಿನ್ ಲ್ಯಾಂಡ್ಸಿಯರ್ ಅಪ್ಪಟ ಕಥೆಗಾರ. ಅವರ 1837ರ ಚಿತ್ರದಲ್ಲಿ ಮುದಿ ಕುರುಬನ ಶವಪೆಟ್ಟಿಗೆಯ ಮೇಲೆ ನಾಯಿ ಗದ್ದವೂರಿದೆ. ಪಕ್ಕದಲ್ಲಿ ಬೈಬಲ್ಲು, ಕನ್ನಡಕ. ನೆಲದ ಮೇಲೆ ಟೋಪಿ, ಕೋಲು. ಮನುಷ್ಯನ ದುಃಖವನ್ನು ನಾಯಿಯ ಮುಖಕ್ಕೆ ಮೆತ್ತಿದ್ದಾರೆ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ, ಕಣ್ಣಂತೂ ಒದ್ದೆಯಾಗುತ್ತದೆ.

ನಾಯಿಗಳ ಚಿತ್ರಕಾರ್ತಿ ಮಾಡ್ ಅರ್ಲ್ ಅವರದು ಶ್ವಾನ ಪ್ರದರ್ಶನಗಳ ಭರಾಟೆಯ ಕಾಲ. ಮಾಲೀಕರಿಗೆ ತಳಿಯ ಲಕ್ಷಣ ಮುಖ್ಯ. ಕಿವಿಯ ಮಡಿಕೆ, ಮೈಕಟ್ಟು ಎಲ್ಲವೂ ಕರಾರುವಾಕ್ಕು. ಆದರೂ 1910ರಲ್ಲಿ, ಏಳನೇ ಎಡ್ವರ್ಡ್ ತೀರಿಕೊಂಡ ಮೇಲೆ, ದೊರೆಯ ಕುರ್ಚಿಗೆ ತಲೆಯಿಟ್ಟ ಟೆರಿಯರ್ ಸೀಸರ್‌ನನ್ನು ಬರೆದಾಗ ಅವರೂ ಲ್ಯಾಂಡ್ಸಿಯರ್ ದಾರಿಯನ್ನೇ ಹಿಡಿದರು.

ಮನೆಯಲ್ಲಿ ಜಾತಿನಾಯಿ ಇದ್ದರೆ ಅರ್ಲ್ ಕೊಳ್ಳಿ. ನಾಯಿಯೇ ಇಲ್ಲದವರಿಗೆ ಲ್ಯಾಂಡ್ಸಿಯರ್.